ಬಾಡಿಗೆಗೆಂದು ಶಿವಮೊಗ್ಗದಲ್ಲಿ ಮನೆ: ಕೊಳ್ಳುವ ಲೆಕ್ಕದಿಂದ ಕೀಲಿ ವಾಪಸ್ ಪಡೆಯುವವರೆಗೆ

ಮಲೆನಾಡಿನಲ್ಲಿ ಬಾಡಿಗೆ ಮನೆ ಕೈಕೊಡುವುದು ಎರಡು ಕಡೆ: ಮನೆ ಖಾಲಿ ಬಿದ್ದ ತಿಂಗಳುಗಳಲ್ಲಿ, ಮಳೆಗಾಲ ಕಳೆದ ಮೇಲೆ ಮಾಡಿಸುವ ರಿಪೇರಿಯಲ್ಲಿ. ಐನೂರು ರೂಪಾಯಿ ಹೆಚ್ಚು ಬಾಡಿಗೆಗೆ ಪಟ್ಟು ಹಿಡಿಯುವ ಮಾಲೀಕರು ಈ ಎರಡನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆ ನೋಡುವುದರಿಂದ ಹಿಡಿದು ಕರಾರಿನ ತಾರೀಖು ಬರೆಯುವವರೆಗೆ ಮಳೆಗಾಲವನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಅರ್ಧ ತಲೆನೋವು ತಪ್ಪುತ್ತದೆ. ಕೆಳಗಿನದೆಲ್ಲ ಅದೇ ದೃಷ್ಟಿಯಿಂದ ಬರೆದದ್ದು.

1. ಮೊದಲು ಕಾಗದದ ಮೇಲೆ ಲೆಕ್ಕ

ಬ್ರೋಕರ್ ಹೇಳುವುದು ವರ್ಷದ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿದ ಶೇಕಡಾವಾರು. ಅದು ಅರ್ಧ ಲೆಕ್ಕ. ಒಂದು ಉದಾಹರಣೆ ಹಿಡಿಯೋಣ. ಎರಡು ಪೋರ್ಷನ್ ಇರುವ ಮನೆ, ಬೆಲೆ 50 ಲಕ್ಷ, ಕೆಳಗಿನದಕ್ಕೆ 9,000, ಮೇಲಿನದಕ್ಕೆ 8,000 ಬಾಡಿಗೆ.

ನೋಂದಣಿ ಖರ್ಚಿನಿಂದ ಶುರುಮಾಡಿ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಸುಮಾರು ಶೇ. 7.6, ಅಂದರೆ 3.8 ಲಕ್ಷ. ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಇದನ್ನು ಕಟ್ಟಬೇಕು. ಸುಣ್ಣ ಬಣ್ಣ, ಸಣ್ಣಪುಟ್ಟ ರಿಪೇರಿಗೆ 1.2 ಲಕ್ಷ ಸೇರಿಸಿದರೆ ನಿಮ್ಮ ಬಂಡವಾಳ 55 ಲಕ್ಷ.

ಈಗ ಆದಾಯ. ವರ್ಷಕ್ಕೆ 2,04,000. ಎರಡೂ ಪೋರ್ಷನ್ ತಲಾ ಒಂದು ತಿಂಗಳು ಖಾಲಿ ಬಿದ್ದರೆ 1,87,000. ಇದರಲ್ಲಿ ರಿಪೇರಿಗೆ 25,000, ಕಂದಾಯಕ್ಕೆ 8,000, ಬ್ರೋಕರ್ ಮತ್ತು ಕರಾರಿಗೆ 4,000 ಕಳೆಯಿರಿ. ಉಳಿಯುವುದು ಒಂದೂವರೆ ಲಕ್ಷ. 55 ಲಕ್ಷಕ್ಕೆ ಶೇ. 2.7. ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಖಾಲಿ ತಿಂಗಳು ಇನ್ನೊಂದು ಸೇರಿದರೆ ಶೇ. 2.4ಕ್ಕೆ ಇಳಿಯುತ್ತದೆ.

ಸಾಲ ಮಾಡಿ ಕೊಳ್ಳುವವರು ಇನ್ನೂ ಒಂದು ಸಾಲು ಬರೆದುಕೊಳ್ಳಬೇಕು. 35 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ: ತಿಂಗಳ ಕಂತು ಸುಮಾರು 30,400. ಬಾಡಿಗೆ 17,000. ಉಳಿದ ಹದಿಮೂರು ಸಾವಿರ ಚಿಲ್ಲರೆ ನಿಮ್ಮ ಸಂಬಳದಿಂದಲೇ ಹೋಗಬೇಕು. 'ಬಾಡಿಗೆಯಲ್ಲೇ ಕಂತು ತೀರುತ್ತೆ' ಎನ್ನುವ ಮಾತು ಸೈಟಿನ ಬೆಲೆ ಈ ಮಟ್ಟದಲ್ಲಿ ಇರುವವರೆಗೆ ನಂಬುವಂಥದ್ದಲ್ಲ. ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕದ ಮೇಲೆ ಕೊಳ್ಳುವುದಾದರೆ ಕೊಳ್ಳಿ, ಆದರೆ ಅದನ್ನು ಬಾಡಿಗೆ ಆದಾಯ ಎಂದು ಕರೆಯಬೇಡಿ.

ಊರಲ್ಲಿ ಸ್ವಂತ ಮನೆ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಮೇಲೊಂದು ಪೋರ್ಷನ್ ಕಟ್ಟುವುದು. ಜಾಗದ ದುಡ್ಡು ಉಳಿಯುತ್ತದೆ. ಏಳು ಚದರಕ್ಕೆ (ಒಂದು ಚದರ ಅಂದರೆ 100 ಚದರಡಿ), ಚದರಕ್ಕೆ ಎರಡು ಲಕ್ಷದಂತೆ, 14 ಲಕ್ಷ. ಬಾಡಿಗೆ 8,000 ಬಂದರೂ ಖರ್ಚು ಕಳೆಯುವ ಮುನ್ನ ಸುಮಾರು ಶೇ. 6.9. ಆದರೆ ಪಾಯ ಮತ್ತು ಕಂಬ ಮೇಲಿನ ಭಾರ ಹೊರುತ್ತವೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರಿಂದ ನೋಡಿಸಿ. ಜಂಬಿಟ್ಟಿಗೆ ಗೋಡೆಯ ಮೇಲೇ ತಾರಸಿ ಕೂತಿರುವ ಹಳೆ ಮನೆಗಳಲ್ಲಿ ಈ ಪ್ರಶ್ನೆ ದೊಡ್ಡದು. ನಕ್ಷೆ ಮಂಜೂರಾತಿ ಮೊದಲು, ಇಟ್ಟಿಗೆ ಆಮೇಲೆ. ಮಂಜೂರಾತಿ ಇಲ್ಲದ ಮಹಡಿಗೆ ಪ್ರತ್ಯೇಕ ಮೀಟರ್ ಸಿಗುವುದೇ ಕಷ್ಟವಾಗುತ್ತಿದೆ, ಹಾಗಾಗಿ ಕೆಲಸ ಶುರುವಾಗುವ ಮೊದಲೇ ಮೆಸ್ಕಾಂ ಕಚೇರಿಯಲ್ಲಿ ಏನೇನು ದಾಖಲೆ ಬೇಕು ಎಂದು ಕೇಳಿ ಬರೆದುಕೊಂಡು ಬನ್ನಿ.

2. ಯಾರಿಗೆ ಕೊಡುವ ಮನೆ?

ಬಡಾವಣೆ ಆರಿಸುವುದಕ್ಕಿಂತ ಮೊದಲು ಬಾಡಿಗೆದಾರರನ್ನು ಆರಿಸಿ. ನವುಲೆ, ಸವಳಂಗ ರಸ್ತೆ ಕಡೆ ಎಂಜಿನಿಯರಿಂಗ್ ಮತ್ತು ಕೃಷಿ ವಿದ್ಯಾರ್ಥಿಗಳು. ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆ, ಸಿಮ್ಸ್ ವೈದ್ಯಕೀಯ ಕಾಲೇಜಿನ ಸುತ್ತ ನರ್ಸುಗಳು, ಪಿಜಿ ಮಾಡುವ ಡಾಕ್ಟರುಗಳು. ವಿನೋಬನಗರ, ರಾಜೇಂದ್ರನಗರ, ಗೋಪಾಳದಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು, ವರ್ಗವಾಗಿ ಬರುವ ಸರ್ಕಾರಿ ನೌಕರರ ಸಂಸಾರಗಳು. ಮಾಚೇನಹಳ್ಳಿ ಕಡೆಗೆ ಗಾರ್ಮೆಂಟ್ಸ್ ಮತ್ತು ಕಾರ್ಖಾನೆ ಕೆಲಸಗಾರರು, ಅವರಿಗೆ ಬೇಕಾದದ್ದು ಕಡಿಮೆ ಬಾಡಿಗೆಯ ಒಂದು ಬೆಡ್‌ರೂಮಿನ ಮನೆ.

ವಿದ್ಯಾರ್ಥಿಗಳು ಹೆಚ್ಚು ಬಾಡಿಗೆ ಕೊಡುತ್ತಾರೆ, ಮನೆಯನ್ನು ಹೆಚ್ಚು ಸವೆಸುತ್ತಾರೆ, ಪರೀಕ್ಷೆ ಮುಗಿದ ಕೂಡಲೇ ಹೊರಡುತ್ತಾರೆ. ವರ್ಗದ ನೌಕರರು ಎರಡು ಮೂರು ವರ್ಷ ಇರುತ್ತಾರೆ, ಬಾಡಿಗೆ ತಾರೀಖಿಗೆ ಸರಿಯಾಗಿ ಬರುತ್ತದೆ. ಕೈತುಂಬ ಸಮಯ ಇಲ್ಲದ ಮಾಲೀಕರಿಗೆ ಎರಡನೆಯವರೇ ವಾಸಿ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತೆಂದು ಆ ಕಡೆ ಬಾಡಿಗೆ ಮನೆ ಕಟ್ಟುವ ಯೋಚನೆ ಇದ್ದರೆ ನಿಧಾನಿಸಿ. ಬಾಡಿಗೆಗೆ ಬರುವವರು ಕೇಳುವುದು ಕಾಲೇಜು, ಆಸ್ಪತ್ರೆ, ಕಚೇರಿ, ಸಿಟಿ ಬಸ್ಸು.

ತೀರ್ಥಹಳ್ಳಿ, ಹೊಸನಗರದಂಥ ತಾಲ್ಲೂಕು ಕೇಂದ್ರಗಳಲ್ಲಿ ಬಾಡಿಗೆದಾರರ ಸಂಖ್ಯೆಯೇ ಸಣ್ಣದು. ಅಲ್ಲಿ ಒಂದು ಮನೆ ಸಾಕು, ಮೂರು ಮನೆಯ ಆಸೆ ಬೇಡ.

3. ಕಾಗದಪತ್ರ

ಇವನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಿರಿ:

- ಮೂಲಪತ್ರ, ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಜೊತೆಗೆ ವಂಶವೃಕ್ಷ
- 30 ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ (ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಸಿಗುತ್ತದೆ, ಹಳೆಯ ವರ್ಷಗಳಿಗೆ ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗಬಹುದು)
- ಪಾಲಿಕೆ ವ್ಯಾಪ್ತಿಯಾದರೆ ಇ-ಖಾತೆ, ಪಂಚಾಯಿತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ
- ಭೂ ಪರಿವರ್ತನೆ ಆದೇಶ, ಬಡಾವಣೆ ನಕ್ಷೆ, ಕಟ್ಟಡದ ಪರವಾನಗಿ
- ಈ ವರ್ಷದ ಕಂದಾಯದ ರಸೀದಿ, ಕರೆಂಟು ಮತ್ತು ನೀರಿನ ಕೊನೆಯ ಬಿಲ್ಲು

ನಮೂನೆ 11ಬಿ ತೋರಿಸಿ 'ಎಲ್ಲಾ ಒಂದೇ ಸಾರ್' ಎಂದರೆ ಒಂದೇ ಅಲ್ಲ. ಪರಿವರ್ತನೆ ಅಥವಾ ನಕ್ಷೆ ಮಂಜೂರಾತಿ ಸರಿಯಿಲ್ಲದ ಸ್ವತ್ತುಗಳಿಗೆ 11ಬಿ ಬರುತ್ತದೆ. ಬ್ಯಾಂಕಿನಲ್ಲಿ ಸಾಲ ಸಿಗುವುದೂ ಮುಂದೆ ಮಾರುವುದೂ ಕಷ್ಟ.

ಮಲೆನಾಡಿಗೇ ವಿಶೇಷವಾದ ಮೂರು ಬಲೆಗಳಿವೆ. ಒಂದು, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡು ಸಕ್ರಮವಾದ ಮನೆ. ಅಂಥ ಮನೆಗೆ ಕೊಡುವ 94ಸಿ ಹಕ್ಕುಪತ್ರದಲ್ಲಿ ಪರಭಾರೆ (ಬೇರೆಯವರಿಗೆ ಮಾರುವುದು, ವರ್ಗಾಯಿಸುವುದು) ಬಗ್ಗೆ ಏನು ಷರತ್ತಿದೆ ಎಂದು ಅಕ್ಷರ ಅಕ್ಷರ ಓದಿ. ಎರಡು, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನಲ್ಲಿ ಎದ್ದ ಬಡಾವಣೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟವನ್ನು 1978ರ ಪಿಟಿಸಿಎಲ್ ಕಾಯ್ದೆ ರದ್ದು ಮಾಡುತ್ತದೆ. 2023ರ ತಿದ್ದುಪಡಿಯ ನಂತರ ಇಷ್ಟು ವರ್ಷ ಕಳೆದುಹೋಯಿತು ಎಂಬ ವಾದವನ್ನೂ ನಂಬಿ ಕೂರುವಂತಿಲ್ಲ. ಮೂರು, ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಿದ ಜಾಗ) ಅಂಚಿನ ಸರ್ವೆ ನಂಬರುಗಳು. ಊರ ಹೊರಗಿನ ಅಗ್ಗದ ಮನೆಗಳ ಅಗ್ಗಕ್ಕೆ ಕಾರಣ ಇವುಗಳಲ್ಲೇ ಎಲ್ಲೋ ಇರುತ್ತದೆ. ವಕೀಲರಿಗೆ ಕೊಡುವ ಫೀಸಿನಲ್ಲಿ ಚೌಕಾಸಿ ಮಾಡುವ ಜಾಗ ಇದಲ್ಲ.

4. ಮನೆ ನೋಡುವುದು ಜುಲೈನಲ್ಲಿ

ಮಾರುವವರು ಮನೆ ತೋರಿಸುವುದು ಜನವರಿಯಿಂದ ಮೇ ತನಕ, ಹೊಸ ಬಣ್ಣ ಹೊಡೆಸಿ. ಸಾಧ್ಯವಾದರೆ ಜುಲೈ, ಆಗಸ್ಟ್‌ನಲ್ಲಿ ನೋಡಿ, ಅದೂ ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ. ಬೇಸಿಗೆಯಲ್ಲೇ ನೋಡಬೇಕಾದರೆ ಕಪಾಟಿನ ಹಿಂಭಾಗ, ಮೆಟ್ಟಿಲಡಿ, ದೇವರ ಕೋಣೆಯ ಮೂಲೆ ನೋಡಿ. ಬಣ್ಣದವರ ಬ್ರಷ್ಷು ಅಲ್ಲಿಗೆ ಹೋಗಿರುವುದಿಲ್ಲ.

ತೇವದ ಗುರುತು ಎಲ್ಲಿದೆ ಎಂಬುದೇ ಕಾಯಿಲೆ ಏನೆಂದು ಹೇಳುತ್ತದೆ.

ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಕಪ್ಪಾಗಿ, ಬಿಳಿ ಉಪ್ಪಿನ ಪುಡಿ ಎದ್ದಿದ್ದರೆ ನೆಲದ ತೇವ ಮೇಲೇರುತ್ತಿದೆ. ಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಅಥವಾ ಹೊರಗಿನ ಅಂಗಳ ಒಳನೆಲಕ್ಕಿಂತ ಎತ್ತರವಾಗಿದೆ. ರಸ್ತೆಗೆ ಮತ್ತೆ ಮತ್ತೆ ಕಾಂಕ್ರೀಟ್ ಹಾಕಿ ಮನೆಯೇ ತಗ್ಗಾಗಿರುವುದು ಹಳೆ ಬಡಾವಣೆಗಳಲ್ಲಿ ಮಾಮೂಲು. ಇದನ್ನು ಬಣ್ಣದಿಂದ ಮುಚ್ಚಲು ಆಗದು. ಅಷ್ಟೆತ್ತರದ ಪ್ಲಾಸ್ಟರ್ ಕಿತ್ತು, ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಿಸಿ, ಹೊಸ ಪ್ಲಾಸ್ಟರ್ ಮಾಡಬೇಕು. ಬೆಲೆಯಲ್ಲಿ ಇಳಿಸಲು ನಿಮಗೆ ಸಿಗುವ ಬಲವಾದ ಕಾರಣ ಇದು.

ಸೂರಿನ ಮೂಲೆಯಲ್ಲಿ ಕಲೆ ಇದ್ದರೆ ತಾರಸಿಗೆ ಹತ್ತಿ. ತಾರಸಿ ಸೋರುವುದು ನಡುವಿನಲ್ಲಲ್ಲ, ಹೆಚ್ಚಾಗಿ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಲ್ಲಿ ಮತ್ತು ನೀರು ಇಳಿಯುವ ಪೈಪಿನ ಬಾಯಲ್ಲಿ. ಇಳಿಜಾರು ಹತ್ತು ಅಡಿಗೆ ಕನಿಷ್ಠ ಒಂದೂಕಾಲು ಇಂಚು ಇರಬೇಕು, ನಮ್ಮ ಮಳೆಗೆ ಎರಡು ಇಂಚು ಒಳ್ಳೆಯದು. ಗಂಟೆಗೆ 100 ಮಿಲಿಮೀಟರ್ ಮಳೆ ಎಂದು ಹಿಡಿದರೆ ನಾಲ್ಕು ಇಂಚಿನ ಒಂದು ಪೈಪು ಸುಮಾರು 450 ಚದರಡಿ ತಾರಸಿಯ ನೀರನ್ನು ಇಳಿಸಬಲ್ಲದು. ಒಂಬತ್ತು ಚದರದ ತಾರಸಿಗೆ ಎರಡು ಪೈಪು ಬೇಕೇ ಬೇಕು. ಒಂದೇ ಇದ್ದು ಅದರ ಬಾಯಿಗೆ ಮಾವಿನೆಲೆ ಕೂತರೆ ತಾರಸಿ ಕೆರೆಯಾಗುತ್ತದೆ. ಅನುಮಾನ ಇದ್ದರೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ಕಟ್ಟಿ 48 ಗಂಟೆ ಬಿಟ್ಟು ಕೆಳಗಿನ ಸೂರು ನೋಡಿ.

ಕಿಟಕಿಯ ಸುತ್ತ ಕಲೆ: ಸಜ್ಜಾ ಗಿಡ್ಡವಾಗಿದೆ, ಅಥವಾ ಸಜ್ಜಾದ ಅಡಿಯಲ್ಲಿ ನೀರು ತುಂಡಾಗಿ ಕೆಳಗೆ ಬೀಳಲು ಗೀರು ಬಿಟ್ಟಿಲ್ಲ. ನೈಋತ್ಯದ ಗಾಳಿಗೆ ಎದುರಾದ ಪಶ್ಚಿಮದ ಗೋಡೆಗೆ ಇರಚಲು ಹೊಡೆಯುತ್ತದೆ, ಆ ಗೋಡೆಯನ್ನು ಹೊರಗಿನಿಂದ ಕೂದಲೆಳೆ ಬಿರುಕಿಗೂ ನೋಡಿ. ಬಚ್ಚಲ ಹಿಂದಿನ ಗೋಡೆಯಲ್ಲಿ ದುಂಡನೆಯ ಕಲೆ ಇದ್ದು ಬೇಸಿಗೆಯಲ್ಲೂ ಒಣಗದಿದ್ದರೆ ಅದು ಪೈಪು, ಮಳೆಯ ತಪ್ಪಲ್ಲ.

ತಾರಸಿಯ ಮೇಲೆ ಹೊಸದಾಗಿ ತಗಡಿನ ಶೀಟು ಹಾಕಿಸಿದ್ದರೆ ಎರಡು ಅರ್ಥ ಇರಬಹುದು. ಒಳ್ಳೆಯ ಮಾಲೀಕರು ಬಟ್ಟೆ ಒಣಗಿಸಲು, ಅಡಿಕೆ ಒಣಗಿಸಲು ಹಾಕಿಸಿದ್ದಾರೆ, ಇಲ್ಲವೇ ಸೋರುವ ಸ್ಲ್ಯಾಬನ್ನು ಅಡಗಿಸಿದ್ದಾರೆ. ಶೀಟಿನಡಿ ಟಾರು, ಸಿಮೆಂಟಿನ ತೇಪೆಗಳು ಕಂಡರೆ ಎರಡನೆಯದು.

ಮರದ ಚೌಕಟ್ಟಿನಲ್ಲಿ ಗೆದ್ದಲಿನ ಮಣ್ಣಿನ ಗೀಟು ಇದೆಯೇ ನೋಡಿ, ಸ್ಕ್ರೂ ಡ್ರೈವರಿನಿಂದ ಬುಡವನ್ನು ಒತ್ತಿ. ಒಳಗೆ ಹೋದರೆ ಚೌಕಟ್ಟು ಮುಗಿದಿದೆ.

ಇನ್ನು ನದಿ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮಳೆಗಾಲದ ಆರಂಭದಲ್ಲೇ ತುಂಬುತ್ತದೆ, ಮೇಲಿಂದ ಬಂದ ನೀರೆಲ್ಲ ಹಾಗೇ ಊರಿನತ್ತ ಬಿಡಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆಯಂಚಿನ ಮತ್ತು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಹೊಳೆ, ನಾಲೆ, ರಾಜಕಾಲುವೆಗೆ ಹತ್ತಿರದ ಮನೆಯಾದರೆ ಮಾರುವವರನ್ನು ಕೇಳಬೇಡಿ, ಆ ಬೀದಿಯ ಕಿರಾಣಿ ಅಂಗಡಿಯವರನ್ನು ಕೇಳಿ: 'ಆ ವರ್ಷ ನೀರು ಎಲ್ಲಿಗೆ ಬಂದಿತ್ತು?' ಕೈಯಲ್ಲಿ ಎತ್ತರ ತೋರಿಸುತ್ತಾರೆ.

5. ಬಾಡಿಗೆಗೆ ಸಜ್ಜು ಮಾಡುವುದು

ಖರ್ಚು ಮಾಡಬೇಕಾದ ಜಾಗ ಮಾಡ್ಯುಲರ್ ಕಿಚನ್ ಅಲ್ಲ. ಮೊದಲನೆಯದು ಪ್ರತಿ ಪೋರ್ಷನ್‌ಗೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್. ಗೃಹಜ್ಯೋತಿ ಬಂದ ಮೇಲೆ ಬಾಡಿಗೆದಾರರು ಮೊದಲು ಕೇಳುವ ಪ್ರಶ್ನೆಯೇ ಇದು. ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದು ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಜಗಳ ಅಲ್ಲಿಂದಲೇ ಶುರು. ಹಳೆ ಬಾಡಿಗೆದಾರರು ಬಿಟ್ಟಾಗ ಅವರ ಆಧಾರ್ ಜೋಡಣೆಯನ್ನು ತೆಗೆಸಿದ ಮೇಲೆಯೇ ಹೊಸಬರು ನೋಂದಾಯಿಸಿಕೊಳ್ಳಲು ಆಗುವುದು. ಅಡ್ವಾನ್ಸ್ ವಾಪಸ್ ಕೊಡುವ ಮೊದಲು ಇದನ್ನು ಮಾಡಿಸಿಕೊಳ್ಳಿ.

ಎರಡನೆಯದು ನೀರು. ಸಂಪು ಒಂದೇ ಇರಲಿ, ಮೇಲಿನ ಟ್ಯಾಂಕು ಪೋರ್ಷನ್‌ಗೆ ಒಂದರಂತೆ ತಲಾ 750 ಅಥವಾ 1,000 ಲೀಟರ್. ಟ್ಯಾಂಕು ಬೇರೆಯಾದರೆ 'ಅವರೇ ಖಾಲಿ ಮಾಡಿದ್ದು' ಎಂಬ ಫೋನು ನಿಮಗೆ ಬರುವುದಿಲ್ಲ.

ಮೂರನೆಯದು ಬಟ್ಟೆ ಒಣಗಿಸುವ ಜಾಗ. ಜೂನಿನಿಂದ ಸೆಪ್ಟೆಂಬರ್ ತನಕ ಮಗುವಿರುವ ಮನೆಯಲ್ಲಿ ಇದು ದಿನದ ಸಂಕಟ. ತಾರಸಿಯ ಒಂದು ಭಾಗಕ್ಕೆ ಶೀಟು ಹಾಕಿಸಿ, ಅಂಚು ಗೋಡೆಯಿಂದ ಎರಡು ಅಡಿ ಹೊರಚಾಚಲಿ, ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ, ತಗ್ಗಿನಲ್ಲಿ ಕೂರಿಸಿದರೆ ಎರಡೇ ವರ್ಷದಲ್ಲಿ ಸೋರುತ್ತದೆ. ಸೋಲಾರ್ ಇದ್ದರೂ ಬಚ್ಚಲಲ್ಲಿ ಗೀಸರ್ ಪಾಯಿಂಟ್ ಕೊಡಿ, ಬಿಸಿನೀರು ಬೇಕಾದ ದಿನಗಳಲ್ಲೇ ಇಲ್ಲಿ ಬಿಸಿಲಿರುವುದಿಲ್ಲ.

ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಒದ್ದೆ ಗೋಡೆಯ ಸ್ವಿಚ್ಚು ಹೊಡೆಯುವುದು ಮಳೆಗಾಲದಲ್ಲಿ ಸಾಮಾನ್ಯ, ಇದರಲ್ಲಿ ಉಳಿತಾಯ ನೋಡಬಾರದು. ಸುಣ್ಣ ಬಣ್ಣ ಫೆಬ್ರವರಿಯಿಂದ ಮೇ ಒಳಗೆ. ಜೂನ್ ದಾಟಿ ಒದ್ದೆ ಪ್ಲಾಸ್ಟರಿನ ಮೇಲೆ ಹೊಡೆಸಿದ ಬಣ್ಣ ದೀಪಾವಳಿ ಹೊತ್ತಿಗೆ ಹಪ್ಪಳದಂತೆ ಏಳುತ್ತದೆ.

6. ಬಾಡಿಗೆದಾರರು, ಕರಾರು, ತಾರೀಖು

ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ, ಹಿಂದೆ ಇದ್ದ ಮನೆಯ ಮಾಲೀಕರ ಫೋನ್ ನಂಬರ್ ಪಡೆಯಿರಿ. ಈಗಿರುವ ಮನೆಯ ಮಾಲೀಕರಿಗಿಂತ ಅದರ ಹಿಂದಿನವರಿಗೆ ಫೋನು ಮಾಡುವುದು ಒಳ್ಳೆಯದು. ಈಗಿನವರಿಗೆ ಅವರನ್ನು ಸಾಗಹಾಕುವ ಅವಸರ ಇರಬಹುದು. ಜಾತಿ, ಊಟ ನೋಡಿ ಬೋರ್ಡು ಹಾಕುವ ರೂಢಿ ಈ ಊರಿನಲ್ಲಿ ಇನ್ನೂ ಹೋಗಿಲ್ಲ. ಸರಿ ತಪ್ಪಿನ ಮಾತು ಹಾಗಿರಲಿ, ಕೇಳಿಕೊಂಡು ಬರುವ ಹತ್ತು ಜನರಲ್ಲಿ ಎಷ್ಟೋ ಜನರನ್ನು ಗೇಟಿನಲ್ಲೇ ಕಳಿಸಿದವರು ಮನೆ ಖಾಲಿ ಎಂದು ಗೊಣಗುವಂತಿಲ್ಲ.

ಕರಾರು 11 ತಿಂಗಳಿಗೆ ಮಾಡುವುದಕ್ಕೆ ಕಾರಣ ಇದೆ: ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಆದರೆ ಎಲ್ಲರೂ ಮರೆಯುವುದು ಮುಗಿಯುವ ತಾರೀಖು. ಆಷಾಢದಲ್ಲಿ ಇಲ್ಲಿ ಮನೆ ಬದಲಿಸುವವರು ಕಡಿಮೆ, ಪಿತೃಪಕ್ಷ, ಧನುರ್ಮಾಸದಲ್ಲೂ ಹಾಗೇ. ಜೂನ್ 1ಕ್ಕೆ ಶುರುವಾದ 11 ತಿಂಗಳು ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಅದು ಚೆನ್ನ. ಮೇ ತಿಂಗಳಲ್ಲಿ ಬಣ್ಣ, ರಿಪೇರಿ ಮುಗಿಸಿದರೆ ವರ್ಗ ಮತ್ತು ಶಾಲೆ ಶುರುವಾಗುವ ಹೊತ್ತಿಗೆ ಹೊಸಬರು ಸಿಗುತ್ತಾರೆ. ಆಗಸ್ಟ್ 1ಕ್ಕೆ ಬಂದವರಿಗೆ 11 ತಿಂಗಳು ಬರೆದರೆ ಜೂನ್ 30ಕ್ಕೆ ಮುಗಿದು ನೇರ ಆಷಾಢಕ್ಕೆ ಬೀಳುತ್ತೀರಿ. ಅಂಥವರಿಗೆ ಒಂಬತ್ತು ತಿಂಗಳ ಕರಾರು ಮಾಡಿ, ಏಪ್ರಿಲ್‌ಗೆ ತನ್ನಿ, ಮುಂದೆ 11ರ ಲೆಕ್ಕ ನಡೆಸಿ.

ಕರಾರಿನಲ್ಲಿ ಬರೆಯಲೇಬೇಕಾದದ್ದು: ಬಾಡಿಗೆ ಪ್ರತಿ ತಿಂಗಳ 5ರೊಳಗೆ ಬ್ಯಾಂಕಿಗೆ, ಏರಿಕೆ ಶೇಕಡಾ ಎಷ್ಟು, ಬಿಡಲು ಎರಡು ತಿಂಗಳ ನೋಟಿಸ್, ಮೀಟರ್ ರೀಡಿಂಗ್, ಕೀಲಿಗಳ ಸಂಖ್ಯೆ, ಫ್ಯಾನು, ಗೀಸರುಗಳ ಪಟ್ಟಿ, ಬಣ್ಣಕ್ಕೆ ಎಷ್ಟು ಕಡಿತ. ತಾರಸಿ, ಗೋಡೆ ಸೋರಿದರೆ ಮಾಲೀಕರದು, ಕಟ್ಟಿಕೊಂಡ ಪೈಪು, ಒಡೆದ ನಲ್ಲಿ ಬಾಡಿಗೆದಾರರದು ಎಂದು ಬಿಡಿಸಿ ಬರೆಯಿರಿ. ಅಡ್ವಾನ್ಸ್ ಐದಾರು ತಿಂಗಳ ಬಾಡಿಗೆ ಸಾಕು. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ, ಅದು ನಿಮ್ಮದಲ್ಲ.

ವರ್ಷ ಮುಗಿದಾಗ ಒಳ್ಳೆಯವರಿಗೆ 500 ರೂಪಾಯಿ ಏರಿಸಲು ಹೋಗಿ ಕಳೆದುಕೊಳ್ಳಬೇಡಿ. ವರ್ಷಕ್ಕೆ ಬರುವ 6,000ಕ್ಕಾಗಿ 9,000ದ ಒಂದು ತಿಂಗಳು ಖಾಲಿ, ಮೇಲೆ ಬಣ್ಣ, ಬ್ರೋಕರ್.

ಭೋಗ್ಯಕ್ಕೆ (ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತ ಪಡೆದು, ಬಿಡುವಾಗ ಅದನ್ನು ವಾಪಸ್ ಕೊಡುವ ಪದ್ಧತಿ) ಕೊಡುವ ಯೋಚನೆ ಇದ್ದರೆ ಒಂದು ಲೆಕ್ಕ ಸಾಕು. 6 ಲಕ್ಷಕ್ಕೆ ಶೇ. 7ರಂತೆ ವರ್ಷಕ್ಕೆ 42,000, ತಿಂಗಳಿಗೆ 3,500. ಅದೇ ಮನೆಗೆ ಬಾಡಿಗೆ 8,000. ಶೇ. 15ರ ಕೈಸಾಲ ತೀರಿಸಲು ಬೇಕಾದರೆ ಮಾತ್ರ ಅದಕ್ಕೆ ಅರ್ಥ ಇದೆ, ಅದನ್ನೂ ನೋಂದಣಿ ಮಾಡಿಸಿ. ಅವಧಿ ಮುಗಿದ ದಿನ ಆರು ಲಕ್ಷ ಎಣಿಸಿ ಕೊಡಬೇಕು ಎಂಬುದು ನೆನಪಿರಲಿ.

7. ತೆರಿಗೆ

ಬಂದ ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ನೇರ ವಿನಾಯಿತಿ. ಮೇಲಿನ ಉದಾಹರಣೆಯಲ್ಲಿ 1,87,000ದಿಂದ 8,000 ಹೋದರೆ 1,79,000, ಅದರ ಶೇ. 30 ಅಂದರೆ 53,700 ಕಳೆದು 1,25,300 ಆದಾಯಕ್ಕೆ ಸೇರುತ್ತದೆ. ರಿಪೇರಿಗೆ ನೀವು ಎಷ್ಟೇ ಸುರಿದಿದ್ದರೂ ಆ ಶೇ. 30 ಬದಲಾಗದು. ಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟ ಬಂದರೆ ಹಳೆ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದ ಎದುರು ಹೊಂದಿಸಬಹುದು, ಹೊಸ ಪದ್ಧತಿಯಲ್ಲಿ ಆಗದು. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ.

8. ಬಿಡಿಸುವಾಗ

ಬಾಡಿಗೆ ನಿಂತರೆ ಮೊದಲ ತಿಂಗಳೇ ಬರಹದಲ್ಲಿ ಕೇಳಿ, ವಾಟ್ಸಾಪ್ ಸಂದೇಶವಾದರೂ ಸರಿ. ಎರಡನೇ ತಿಂಗಳು ವಕೀಲರ ನೋಟಿಸ್. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸದು, ಆದ್ದರಿಂದ ಇವತ್ತಿನ ಹೆಚ್ಚಿನ ಮನೆಗಳ ವ್ಯವಹಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತದೆ. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ಬರೆಯದಿದ್ದರೆ, 15 ದಿನದ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಕೋರ್ಟು. ಕರೆಂಟು ಕಟ್ಟು ಮಾಡುವುದು, ನೀರು ನಿಲ್ಲಿಸುವುದು, ಬೀಗ ಬದಲಿಸುವುದು ಬೇಡ. ನ್ಯಾಯ ನಿಮ್ಮ ಕಡೆ ಇದ್ದರೂ ತಡೆಯಾಜ್ಞೆ ಅವರ ಕಡೆ ಬರುತ್ತದೆ.

ಸರಿಯಾಗಿ ಬಿಟ್ಟು ಹೋಗುವವರಿಗೆ ಕೀಲಿ ಕೊಡುವ ದಿನವೇ ಲೆಕ್ಕ ಮುಗಿಸಿ. ಬಂದಾಗ ತೆಗೆದ ವಿಡಿಯೋ ಮುಂದಿಟ್ಟುಕೊಂಡು ಕೋಣೆ ಕೋಣೆ ನೋಡಿ, ಕೊನೆಯ ಮೀಟರ್ ರೀಡಿಂಗ್ ಬರೆದು, ಬಣ್ಣದ ಕಡಿತ ಕಳೆದು ಉಳಿದದ್ದನ್ನು ಅಲ್ಲೇ ಅವರ ಖಾತೆಗೆ ಹಾಕಿ. ಮಳೆಯಿಂದ ಗೋಡೆಗೆ ಹತ್ತಿದ ಬೂಸ್ಟಿಗೆ ಅವರ ಅಡ್ವಾನ್ಸ್ ಮುಟ್ಟಬೇಡಿ. ವರ್ಗದ ನೌಕರರು ತಮ್ಮ ಜಾಗಕ್ಕೆ ಬರುವವರಿಗೆ ಮೊದಲು ಹೇಳುವುದೇ ಯಾವ ಮನೆ ಸೇರಬಹುದು, ಯಾವುದು ಬೇಡ ಎಂದು.